ಕಲ್ಲಿನ ರಥದ ಮೇಲಿದ್ದ ಶಿಖರ

ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿರುವ ಹಂಪಿಯ ಕಲ್ಲಿನ ರಥಕ್ಕೆ ಶಿಖರವಿಲ್ಲ. ಆದರೆ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೇನೆಯಲ್ಲಿ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರದಲ್ಲಿ ಅದೇ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಎದ್ದು ನಿಂತಿದೆ. ಮೇಣ ಹಚ್ಚಿದ ಕಾಗದದ ನೆಗೆಟಿವ್ ಉಳಿದುಕೊಂಡಿದ್ದರಿಂದ ಈ ಸಂಗತಿ ನಮಗೆ ತಿಳಿದಿದೆ. ಹಳೆಯ ಕಪ್ಪುಬಿಳುಪು ಚಿತ್ರ ಇತಿಹಾಸಕ್ಕೆ ಎಂಥ ಸಾಕ್ಷಿ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದರೂ ಆ ಸಾಕ್ಷಿ ಏನನ್ನು ಹೇಳದೆ ಬಿಟ್ಟಿದೆ ಎಂಬುದನ್ನು ಅರಿಯಬೇಕಾದರೆ, ಅಂಥ ಚಿತ್ರ ತೆಗೆಯುವ ಪ್ರಯೋಗಗಳನ್ನು ನಾವು ಇಂದು ಕೈಯಾರೆ ಮಾಡಿ ನೋಡಬೇಕು ಎಂಬುದು ನನ್ನ ವಾದ.

ಗ್ರೀನ್‌ಲಾ ಬಳಸಿದ ಕಾಗದಕ್ಕೆ ನೀಲಿ ಬೆಳಕೇ ಮುಖ್ಯ. ಕೆಂಪು, ಹಸಿರುಗಳಿಗೆ ಅದು ಹೆಚ್ಚುಕಡಿಮೆ ಕುರುಡು. ಹಾಗಾಗಿ ಅಂದಿನ ಚಿತ್ರಗಳಲ್ಲಿ ಆಕಾಶ ಮೋಡವೇ ಇಲ್ಲದೆ ಬೆಳ್ಳಗೆ, ಗಿಡಮರ ಕಪ್ಪಗೆ. ಬಿಂಬ ಮೂಡಲು ನಿಮಿಷಗಟ್ಟಲೆ ಕಾಯಬೇಕಾಗಿದ್ದರಿಂದ ನಡೆದಾಡುವ ಜನ, ದನಕರು ಅಚ್ಚಾಗುತ್ತಲೇ ಇರಲಿಲ್ಲ. 1850ರ ದಶಕದಲ್ಲಿ ವಿಜಯಪುರ, ಬಾದಾಮಿ, ಐಹೊಳೆಗಳನ್ನು ಚಿತ್ರಿಸಿದ ಥಾಮಸ್ ಬಿಗ್ಸ್ ಅವರ ಕಾಗದಕ್ಕೂ ಇದೇ ಮಿತಿಯಿತ್ತು. ಹೀಗೆ ರಾಸಾಯನಿಕದ ಇತಿಮಿತಿಯೇ ಕಾಲಕ್ರಮದಲ್ಲಿ ನಮ್ಮ ದೃಷ್ಟಿಕೋನವಾಗಿ ಬೆಳೆಯಿತು: ಸ್ಮಾರಕ ಎಂದರೆ ನಿರ್ಜನವಾಗಿರಬೇಕು, ಅಲ್ಲಿ ಬಾಳುವವರು ಒತ್ತುವರಿದಾರರು. 2011ರಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಮನೆ, ಅಂಗಡಿಗಳನ್ನು ನೆಲಸಮ ಮಾಡಿದ್ದಕ್ಕೆ ಕಾನೂನಿನ ಕಾರಣಗಳಿದ್ದವು. ಆದರೆ ಅದು ನಮಗೆ ಅಷ್ಟು ಸಹಜವಾಗಿ ಕಂಡದ್ದರಲ್ಲಿ ಈ ಖಾಲಿ ಚಿತ್ರಗಳ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಫೋನಿನಲ್ಲಿ ಚಿತ್ರ ತೆಗೆದು ಬಣ್ಣ ಕಳೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಫೋನು ಎಲ್ಲವನ್ನೂ ಕಂಡು, ಆಮೇಲೆ ಬಣ್ಣವನ್ನಷ್ಟೇ ಅಳಿಸುತ್ತದೆ. ಡಬ್ಬಿಗೆ ಸೂಜಿಯಷ್ಟು ತೂತು ಕೊರೆದು, ಒಳಗೆ ಡಾರ್ಕ್‌ರೂಮಿನ ಬ್ರೋಮೈಡ್ ಕಾಗದವಿಟ್ಟು ಬಜಾರಿನ ಬೀದಿಗೆ ಹಿಡಿದವರಿಗೆ, ಕಣ್ಣೆದುರು ಹಾದುಹೋದ ಜನ ಕಾಗದದ ಮೇಲೆ ಇಲ್ಲದಿರುವುದು ತಾನಾಗಿಯೇ ಗೊತ್ತಾಗುತ್ತದೆ. ಅದೇ ಜಾಗದಲ್ಲಿ ಮಾಮೂಲಿ ಕ್ಯಾಮೆರಾಗೆ ವೇಗದ ಫಿಲ್ಮ್ ಹಾಕಿ ತೆಗೆದರೆ ಅವರೆಲ್ಲ ಮರಳಿ ಬರುತ್ತಾರೆ. ಈ ಎರಡು ಪ್ರಿಂಟುಗಳನ್ನು ಅಕ್ಕಪಕ್ಕ ಇಟ್ಟರೆ ಇತಿಹಾಸದ ಒಂದು ಪಾಠವೇ ಸಿಗುತ್ತದೆ. ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ 1980ರ ದಶಕದಲ್ಲಿ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಕಟ್ಟಡಗಳು ಎಷ್ಟು ಬದಲಾದವು ಎಂಬುದು ಅದರಿಂದ ತಿಳಿಯಿತು. ನೋಟ ಎಷ್ಟು ಬದಲಾಯಿತು ಎಂಬುದನ್ನು ಹಳೆಯ ವಿಧಾನಕ್ಕೇ ಮರಳುವ ಪ್ರಯೋಗ ತೋರಿಸಬಲ್ಲದು.

ಕಪ್ಪುಬಿಳುಪು ಪಾಳುಗೋಡೆಗಳನ್ನು ಸುಮ್ಮನೆ ರಮ್ಯಗೊಳಿಸುತ್ತದೆ ಎಂಬ ಆಕ್ಷೇಪ ಫೋನಿನ ಪ್ರಶ್ನೆಗಿಂತ ಗಟ್ಟಿಯಾದದ್ದು. ಮಂಜು, ನೆರಳು, ಒಂಟಿ ಕಂಬ ಎಂದು ಚೆಂದಕ್ಕಾಗಿಯೇ ತೆಗೆದ ಚಿತ್ರಗಳ ಮಟ್ಟಿಗೆ ಅದನ್ನು ಒಪ್ಪುತ್ತೇನೆ. ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ಚಿತ್ರಗಳನ್ನು ಬಣ್ಣವಿಲ್ಲದೆ ದಾಖಲಿಸುವುದಂತೂ ಅವುಗಳಿಗೆ ಬಗೆದ ಅನ್ಯಾಯ. ಸಂರಕ್ಷಣೆಯ ಅಳತೆ, ದಾಖಲೆಗಳಿಗೆ ಡಿಜಿಟಲ್ ಸಾಧನಗಳೇ ಬೇಕು. ಫಿಲ್ಮ್ ದುಬಾರಿ ಎಂಬ ಮಾತೂ ನಿಜ, ಆದರೆ ಡಬ್ಬಿಯ ಕ್ಯಾಮೆರಾಗೆ ಅಷ್ಟು ಖರ್ಚಿಲ್ಲ. ನಿಜವಾದ ತೊಡಕು ಬೇರೆಯೇ ಇದೆ. ದೀರ್ಘ ಎಕ್ಸ್‌ಪೋಷರಿಗೆ ಕ್ಯಾಮೆರಾ ಅಲುಗಾಡದೆ ನಿಲ್ಲಬೇಕು. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚೆಯೇ ಅನುಮತಿ ಪಡೆಯಬೇಕು. ಕನ್ನಡ ವಿಶ್ವವಿದ್ಯಾಲಯ ಹಂಪಿಯ ಮಗ್ಗುಲಲ್ಲೇ ಇದೆ. ಅಲ್ಲಿನ ಇತಿಹಾಸ ವಿದ್ಯಾರ್ಥಿಗಳಿಗೆ ಇಂಥ ಅನುಮತಿ ಸುಲಭವಾಗಿ ಸಿಗುವಂತಾಗಲಿ. ಅವರು ಗ್ರೀನ್‌ಲಾ ನಿಂತಲ್ಲೇ ಕಾಗದದ ನೆಗೆಟಿವ್ ತೆಗೆದು, ತೆಗೆಯುವಷ್ಟು ಹೊತ್ತು ಎದುರಿಗೆ ಯಾರು ಯಾರು ಓಡಾಡಿದರು ಎಂಬುದನ್ನು ಪ್ರತಿ ಚಿತ್ರದ ಜೊತೆಗೂ ಬರೆದಿಡಲಿ.