ಬ್ಯಾಟರಿಗೆ ಅರ್ಧ ವಿಮೆ ಸಾಕೇ?

ಬಿ.ಕಾಂ. ಮುಗಿಸಿ ಮೂರು ವರ್ಷವಾಯಿತು. ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದೆ, ಎಫ್‌ಡಿಎ ಒಂದು ಸಲ. ಈಗ ಅಪ್ಪನ ದಾರಿಯನ್ನೇ ಹಿಡಿಯಲು ಹೊರಟಿದ್ದೇನೆ. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯಿಂದ ಅಂಗಡಿಗಳಿಗೆ ತರಕಾರಿ ಮುಟ್ಟಿಸುವ ಕೆಲಸ. ಅಪ್ಪನದು ಹಳೆಯ ಡೀಸೆಲ್ ಗಾಡಿ. ನನ್ನದು ಎಲೆಕ್ಟ್ರಿಕ್ ಪಿಕಪ್ ಆಗಲಿ ಎಂಬುದು ನನ್ನ ಆಸೆ. ದಿನಕ್ಕೆ ಎಪ್ಪತ್ತು ಎಂಬತ್ತು ಕಿಲೋಮೀಟರ್ ಓಡಾಟ, ರಾತ್ರಿ ಮನೆಯಲ್ಲೇ ಚಾರ್ಜ್, ಬೆಳಗಿನ ಜಾವ ಬಂಕ್ ಹುಡುಕುವ ಗೋಳಿಲ್ಲ. ಬ್ಯಾಟರಿ ಚಾಲಿತ ಸರಕು ವಾಹನಗಳಿಗೆ ಕೇಂದ್ರ ಸರ್ಕಾರ 2018ರಲ್ಲೇ ಪರ್ಮಿಟ್‌ನಿಂದ ವಿನಾಯಿತಿ ಕೊಟ್ಟಿದೆ. ಎಲ್ಲವೂ ಸರಿಯಾಗೇ ಇತ್ತು, ವಿಮೆಯ ಕೊಟೇಷನ್ ಕೈಗೆ ಬರುವವರೆಗೆ.

ಷೋರೂಮಿನ ಹುಡುಗ ಹೇಳಿದ್ದು ಒಂದೇ ಮಾತು: ‘ಇವಿಗೆ ಇನ್ಶೂರೆನ್ಸ್ ಅಗ್ಗ ಸಾರ್, ಗವರ್ನಮೆಂಟೇ ಶೇ 15 ಡಿಸ್ಕೌಂಟ್ ಕೊಡುತ್ತೆ’. ಅವನು ಸುಳ್ಳು ಹೇಳಲಿಲ್ಲ. ಆದರೆ ಮಾತು ಅರ್ಧದಲ್ಲೇ ನಿಂತಿತ್ತು. ಓದಿದ್ದು ಕಾಮರ್ಸ್ ಅಲ್ಲವೇ, ಆ ಹಾಳೆಯನ್ನು ಮನೆಗೆ ತಂದು ಕ್ಯಾಲ್ಕುಲೇಟರ್ ಹಿಡಿದು ಕೂತೆ.

ವಾಹನ ವಿಮೆಯಲ್ಲಿ ಎರಡು ಭಾಗ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು, ಗಾಯ, ನಷ್ಟಕ್ಕೆ ಥರ್ಡ್ ಪಾರ್ಟಿ ವಿಮೆ. ಇದು ಕಾನೂನಿನಂತೆ ಕಡ್ಡಾಯ, ದರ ನಿಗದಿ ಮಾಡುವುದು ಸರ್ಕಾರ. ನಮ್ಮ ಗಾಡಿಗೇ ಆಗುವ ನಷ್ಟಕ್ಕೆ ಸ್ವಂತ ಹಾನಿ ವಿಮೆ. ಇದರ ದರ ಕಂಪನಿಗೆ ಬಿಟ್ಟದ್ದು. ಶೇ 15ರ ರಿಯಾಯಿತಿ ಇರುವುದು ಮೊದಲನೆಯದಕ್ಕೆ ಮಾತ್ರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 7,500 ಕೆ.ಜಿ. ಒಟ್ಟು ತೂಕದೊಳಗಿನ ಸರಕು ವಾಹನಕ್ಕೆ 16,049 ರೂಪಾಯಿ, ಅದೇ ವರ್ಗದ ಎಲೆಕ್ಟ್ರಿಕ್ ವಾಹನಕ್ಕೆ 13,642 ರೂಪಾಯಿ. ಅಂದರೆ ಉಳಿತಾಯ 2,407 ರೂಪಾಯಿ. ಚಿಕ್ಕ ಮೊತ್ತವೇನಲ್ಲ, ನಮ್ಮ ಮನೆಯ ಎರಡು ತಿಂಗಳ ಗ್ಯಾಸು.

ಎರಡನೆಯ ಭಾಗ ನಿಂತಿರುವುದು ಗಾಡಿಯ ಬೆಲೆಯ ಮೇಲೆ. ಐಡಿವಿ ಎನ್ನುತ್ತಾರಲ್ಲ, ಆ ಘೋಷಿತ ಮೌಲ್ಯದ ಮೇಲೆ ಇಂತಿಷ್ಟು ಶೇಕಡಾ ಎಂದು ಕಂತು. ಉದಾಹರಣೆಗೆ 2025ರ ಜೂನ್‌ನಲ್ಲಿ ಬಂದ ಟಾಟಾ ಏಸ್ ಪ್ರೊ ತೆಗೆದುಕೊಳ್ಳಿ. ಬಿಡುಗಡೆಯಾದಾಗ ಪೆಟ್ರೋಲ್ ಗಾಡಿಯ ಆರಂಭಿಕ ಬೆಲೆ 3.99 ಲಕ್ಷ ಇತ್ತು, ಎಲೆಕ್ಟ್ರಿಕ್‌ಗೆ 6.50 ಲಕ್ಷ. ಹೊಸ ಗಾಡಿಗೆ ಬೆಲೆಯಲ್ಲಿ ಶೇ 5 ಕಳೆದು ಐಡಿವಿ ಹಿಡಿಯುವುದು ರೂಢಿ. ನಮ್ಮಂಥ ಊರಿನ ಸರಕು ವಾಹನಕ್ಕೆ ಹಳೆಯ ಸುಂಕಪಟ್ಟಿಯಲ್ಲಿದ್ದ ದರ ಶೇ 1.726. ಆ ಲೆಕ್ಕದಲ್ಲಿ ಪೆಟ್ರೋಲ್ ಗಾಡಿಗೆ ಸುಮಾರು 6,540 ರೂಪಾಯಿ, ಎಲೆಕ್ಟ್ರಿಕ್‌ಗೆ ಸುಮಾರು 10,660. ವ್ಯತ್ಯಾಸ ನಾಲ್ಕು ಸಾವಿರ ದಾಟಿತು. 2,407 ಕೊಟ್ಟ ಕೈಯನ್ನು ಇನ್ನೊಂದು ಕೈ ಇಲ್ಲೇ ಹಿಂದಕ್ಕೆ ಎಳೆದುಕೊಂಡಿತು. 2007ರಿಂದ ಈ ದರ ಮುಕ್ತವಾಗಿರುವುದರಿಂದ ಕಂಪನಿಗಳು ಇದರ ಮೇಲೆ ರಿಯಾಯಿತಿ ಕೊಡುತ್ತವೆ, ಚೌಕಾಸಿಗೆ ಜಾಗ ಇದೆ ಎನ್ನುವುದು ನಿಜ. ಆದರೆ ಅದೇ ರಿಯಾಯಿತಿ ಪೆಟ್ರೋಲ್ ಗಾಡಿಗೂ ಇದೆಯಲ್ಲ. ಜಿಎಸ್‌ಟಿ ಬೇರೆ: ಸರಕು ವಾಹನದ ಥರ್ಡ್ ಪಾರ್ಟಿ ಕಂತಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಯಿತು, ಸ್ವಂತ ಹಾನಿಯ ಭಾಗಕ್ಕೆ ಈಗಲೂ ಶೇ 18. ಎಲೆಕ್ಟ್ರಿಕ್ ಗಾಡಿಯ ಕಂತು ಹೆಚ್ಚಾಗುವುದು ಹೆಚ್ಚು ತೆರಿಗೆಯ ಭಾಗದಲ್ಲೇ.

ಇಷ್ಟಕ್ಕೇ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ. ವರ್ಷಕ್ಕೆ ಎರಡು ಸಾವಿರ ಹೆಚ್ಚಾದರೆ ಡೀಸೆಲ್ ಉಳಿತಾಯದಲ್ಲಿ ಒಂದು ವಾರಕ್ಕೆ ತೀರಿಹೋಗುತ್ತದೆ. ನನ್ನನ್ನು ತಡೆದದ್ದು ಕೊಟೇಷನ್ ಜೊತೆ ಕೊಟ್ಟ ಪಾಲಿಸಿ ನಮೂನೆಯ ಒಂದು ಸಾಲು. ಕ್ಲೇಮ್ ಬಂದಾಗ ಯಾವ ಬಿಡಿಭಾಗಕ್ಕೆ ಎಷ್ಟು ಸವಕಳಿ ಕಡಿತ ಎಂಬ ಪಟ್ಟಿ ಅದು. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರು, ಟ್ಯೂಬು, ಬ್ಯಾಟರಿ: ಶೇ 50.

ಅದೇ ಪಟ್ಟಿಯಲ್ಲಿ ಲೋಹದ ಭಾಗಗಳಿಗೆ ಮೊದಲ ಆರು ತಿಂಗಳು ಕಡಿತವೇ ಇಲ್ಲ. ಒಂದು ವರ್ಷದವರೆಗೆ ಶೇ 5, ಎರಡು ವರ್ಷದವರೆಗೆ ಶೇ 10. ಡೀಸೆಲ್ ಗಾಡಿ ತೆಗೆದುಕೊಂಡು ಐದನೇ ತಿಂಗಳಲ್ಲಿ ಅಪಘಾತವಾಗಿ ಎಂಜಿನ್ ಒಡೆದರೆ ಅದರ ಲೋಹಕ್ಕೆ ಪೂರ್ತಿ ಹಣ. ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿ ಐದನೇ ದಿನ ಒಡೆದರೂ ಅರ್ಧ ನಮ್ಮ ಜೇಬಿನಿಂದ. ಈ ಸಾಲು ಬರೆದ ಕಾಲದಲ್ಲಿ ಬ್ಯಾಟರಿ ಎಂದರೆ ಸೆಲ್ಫ್ ಹೊಡೆಯುವ ಆಸಿಡ್ ಡಬ್ಬಿ. ಎರಡು ಮೂರು ವರ್ಷಕ್ಕೆ ಬದಲಿಸಿ ಬಿಸಾಡುವ ವಸ್ತು. ಅದಕ್ಕೆ ಅರ್ಧ ಕಡಿತ ನ್ಯಾಯವೇ. ಈಗಿನ ಬ್ಯಾಟರಿ ಗಾಡಿಯ ಬೆಲೆಯಲ್ಲಿ ಮೂರನೇ ಒಂದು ಭಾಗದಷ್ಟು ತೂಗುತ್ತದೆ, ಅದಿಲ್ಲದೆ ಉಳಿದದ್ದು ಬರೀ ತಗಡು. ಹೆಸರು ಒಂದೇ ಎಂದು ಎರಡನ್ನೂ ಒಂದೇ ಸಾಲಿನಲ್ಲಿ, ಅದೂ ಟ್ಯೂಬಿನ ಪಕ್ಕದಲ್ಲಿ ಕೂರಿಸಬಹುದೇ?

ಇದು ಕಾಗದದ ಮೇಲಿನ ಭಯವಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ನನ್ನ ಓರಗೆಯವನೊಬ್ಬ ಎಲೆಕ್ಟ್ರಿಕ್ ಸರಕು ಆಟೊ ಓಡಿಸುತ್ತಿದ್ದ. ಕಳೆದ ಮಳೆಗಾಲದಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಹೋಗಿ ಮೋರಿಗೆ ಇಳಿಸಿದ. ಮೇಲೆ ನೋಡಿದರೆ ಗೀರು ಕೂಡ ಇರಲಿಲ್ಲ. ಕೆಳಗೆ ಚಪ್ಪಡಿ ಕಲ್ಲು ಬಡಿದು ಬ್ಯಾಟರಿಯ ಪೆಟ್ಟಿಗೆ ಸೀಳಿತ್ತು. ಸರ್ವಿಸ್ ಸೆಂಟರಿನವರು ಇದನ್ನು ಬಿಚ್ಚಿ ರಿಪೇರಿ ಮಾಡುವುದಿಲ್ಲ, ಪೂರ್ತಿ ಬದಲಿಸಬೇಕು ಎಂದರು. ಸರ್ವೇಯರ್ ಬಂದು ಪಟ್ಟಿ ತೋರಿಸಿ ಅರ್ಧ ಕಳೆದರು. ಅವನ ಪಾಲಿಗೆ ಬಂದದ್ದು ಅರವತ್ತು ಸಾವಿರ ಚಿಲ್ಲರೆ. ಸಾಲದ ಕಂತು ನಿಲ್ಲುವುದಿಲ್ಲ, ಗಾಡಿ ಮಾತ್ರ ಎರಡು ತಿಂಗಳು ನಿಂತಿತು. ಕಡೆಗೆ ಅದನ್ನು ಹಾಗೇ ಮಾರಿ, ಈಗ ಅದೇ ಮಾರುಕಟ್ಟೆಯಲ್ಲಿ ಇನ್ನೊಬ್ಬರ ಗಾಡಿಗೆ ದಿನಗೂಲಿ ಡ್ರೈವರ್ ಆಗಿದ್ದಾನೆ. ಅವನು ವಿಮೆ ಕಟ್ಟದವನಲ್ಲ. ಸರಿಯಾದ ಹೊತ್ತಿಗೆ ಕಟ್ಟಿದ್ದ. ಏನಕ್ಕೆ ಕಟ್ಟಿದ್ದೇನೆ ಎಂದು ಅವನಿಗೆ ಯಾರೂ ಓದಿ ಹೇಳಿರಲಿಲ್ಲ.

ಏಜೆಂಟರನ್ನು ಕೇಳಿದರೆ ಉತ್ತರ ಸಿದ್ಧ: ಜೀರೋ ಡೆಪ್ ಹಾಕಿಸಿ, ಬ್ಯಾಟರಿ ಕವರ್ ಹಾಕಿಸಿ. ಕಾರು ಕೊಳ್ಳುವವರಿಗೆ ಇವು ಸುಲಭವಾಗಿ ಸಿಗುತ್ತವೆ. ಸರಕು ಗಾಡಿ ಎಂದೊಡನೆ ‘ಕಮರ್ಷಿಯಲ್ ಅಲ್ವಾ, ಕೇಳಿ ಹೇಳ್ತೀನಿ’ ಎಂದು ಫೋನ್ ಇಡುತ್ತಾರೆ. ಮೂವರನ್ನು ಕೇಳಿದೆ, ಒಬ್ಬರು ಮಾತ್ರ ಮರಳಿ ಕರೆ ಮಾಡಿದರು. ಸರಕು ವಾಹನದವರಿಗೆ ಇಂಥ ಅನುಭವ ಹೊಸದೂ ಅಲ್ಲ. ಅಪ್ಪನ ಗಾಡಿಯ ಹೆಡ್‌ಲೈಟು, ಬಂಪರು ಒಡೆದಾಗ ಒಂದು ಪೈಸೆ ಬರಲಿಲ್ಲ. ವಾಣಿಜ್ಯ ವಾಹನಕ್ಕೆ ಐಎಂಟಿ 23 ಎಂಬ ಹೆಚ್ಚುವರಿ ಷರತ್ತಿಗೆ ಹಣ ಕಟ್ಟದಿದ್ದರೆ ದೀಪ, ಬಂಪರು, ಮಡ್‌ಗಾರ್ಡು, ಬಣ್ಣ ಇವು ವಿಮೆಯ ಹೊರಗೆ ಎಂದು ನಮಗೆ ತಿಳಿದದ್ದೇ ಅವತ್ತು.

ಕಂಪನಿಗಳ ಕಡೆಯ ಮಾತೂ ಇದೆ, ಅದನ್ನು ತಳ್ಳಿಹಾಕಲಾರೆ. ಈ ಗಾಡಿಗಳು ಹೊಸವು, ಹತ್ತಾರು ವರ್ಷದ ಕ್ಲೇಮ್ ಲೆಕ್ಕ ಅವರ ಬಳಿ ಇಲ್ಲ. ಬ್ಯಾಟರಿ ಬಿಚ್ಚಿ ನೋಡುವ ಗ್ಯಾರೇಜು ಜಿಲ್ಲಾ ಕೇಂದ್ರದಲ್ಲೂ ಹುಡುಕಬೇಕು. ಅಪಾಯ ಹೆಚ್ಚು ಅನಿಸಿದರೆ ಕಂತು ಹೆಚ್ಚು ಕೇಳಲಿ, ಕೊಡೋಣ. ಕಂತನ್ನು ಬ್ಯಾಟರಿಯೂ ಸೇರಿದ 6 ಲಕ್ಷದ ಮೇಲೆ ವಸೂಲು ಮಾಡಿ, ಪರಿಹಾರ ಕೊಡುವಾಗ ಮಾತ್ರ ಅದನ್ನು ಆಸಿಡ್ ಡಬ್ಬಿ ಎಂದು ಎಣಿಸುವುದಕ್ಕೆ ನನ್ನ ತಕರಾರು. ಗಾಡಿ ಓಡಿಸುವ ಬ್ಯಾಟರಿಗೆ ಪಟ್ಟಿಯಲ್ಲಿ ಬೇರೆಯೇ ಸಾಲು ಬೇಕು, ಲೋಹದ ಭಾಗಗಳಂತೆ ವಯಸ್ಸಿಗೆ ತಕ್ಕ ಕಡಿತ ಬೇಕು. ಎಲೆಕ್ಟ್ರಿಕ್ ಗಾಡಿ ಕೊಳ್ಳಿ ಎಂದು ಜಾಹೀರಾತು ಕೊಡುವ ಸರ್ಕಾರ, ಥರ್ಡ್ ಪಾರ್ಟಿಗೆ ಶೇ 15 ಕೊಟ್ಟ ಸರ್ಕಾರ, ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಇದನ್ನು ಹೇಳಲಾರದೇ?

ಅಂದಹಾಗೆ, ಕಾರಿನ ಲೈಸೆನ್ಸ್ ಇಟ್ಟುಕೊಂಡು ಇಂಥ ಕೆಲಸಕ್ಕೆ ಇಳಿಯಲು ಅಂಜುವ ಗೆಳೆಯರಿಗೆ ಒಂದು ಸಮಾಧಾನದ ಸುದ್ದಿ. ಒಟ್ಟು ತೂಕ 7,500 ಕೆ.ಜಿ.ಗಿಂತ ಕಡಿಮೆ ಇರುವ ಸರಕು ವಾಹನವನ್ನು ಎಲ್‌ಎಂವಿ ಲೈಸೆನ್ಸ್‌ನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಲೈಸೆನ್ಸಿನ ನೆಪದಲ್ಲಿ ಕ್ಲೇಮ್ ತಳ್ಳುವ ಒಂದು ಬಾಗಿಲಾದರೂ ಮುಚ್ಚಿತು.

ಮರಳಿ ಕರೆ ಮಾಡಿದ ಆ ಒಬ್ಬ ಏಜೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಪ್ರಶ್ನೆ ಕಳಿಸಿದ್ದೇನೆ: ‘ಆರನೇ ತಿಂಗಳಲ್ಲಿ ಅಪಘಾತವಾಗಿ ಬ್ಯಾಟರಿ ಹೋದರೆ ನನಗೆ ಎಷ್ಟು ರೂಪಾಯಿ ಬರುತ್ತದೆ? ಮಾತಲ್ಲಿ ಬೇಡ, ಕಂಪನಿಯ ಇ–ಮೇಲ್‌ನಲ್ಲಿ ಬೇಕು’. ಎರಡು ನೀಲಿ ಗೆರೆ ಬಿದ್ದು ಒಂಬತ್ತು ದಿನವಾಯಿತು. ಷೋರೂಮಿನ ಹುಡುಗ ದಿನಾ ಫೋನ್ ಮಾಡಿ ಮುಂಗಡ ಯಾವಾಗ ಕಟ್ಟುತ್ತೀರಿ ಎಂದು ಕೇಳುತ್ತಿದ್ದಾನೆ. ಇ–ಮೇಲ್ ಬಂದ ದಿನ ಎಂದಿದ್ದೇನೆ. ಅಲ್ಲಿಯವರೆಗೆ ಬೆಳಿಗ್ಗೆ ನಾಲ್ಕಕ್ಕೆ ಅಪ್ಪನ ಡೀಸೆಲ್ ಗಾಡಿಯ ಪಕ್ಕದ ಸೀಟಿನಲ್ಲಿ ಕೂರುತ್ತೇನೆ.