ಪಿಯಾನೋ: ಹಳೆಯದೋ, ಹೊಸದೋ?

ಬೆಂಗಳೂರಿನ ವಾಚಕ ಸೋದರಿಯೊಬ್ಬರು ಪತ್ರ ಬರೆದಿದ್ದಾರೆ. ಕಾನ್ವೆಂಟಿನಲ್ಲಿ ಓದುತ್ತಿದ್ದಾಗ ಪಿಯಾನೋ ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಐದನೆಯ ದರ್ಜೆಯ ಪರೀಕ್ಷೆಯವರೆಗೆ ತೇರ್ಗಡೆಯಾದವರು. ಮದುವೆಯಾದ ಮೇಲೆ ಇಪ್ಪತ್ತಾರು ವರ್ಷ ಅದನ್ನು ಮುಟ್ಟಿಲ್ಲ. ಮಕ್ಕಳಿಬ್ಬರೂ ಪರಸ್ಥಳ ಸೇರಿ ಮನೆ ನಿಶ್ಶಬ್ದವಾದ ಮೇಲೆ ಬೆರಳು ಮತ್ತೆ ತುಡಿಯತೊಡಗಿದೆಯಂತೆ. ಪರಿಚಿತರ ಮನೆಯಲ್ಲಿ ಅಜ್ಜನ ಕಾಲದ ಇಂಗ್ಲಿಷ್ ಪಿಯಾನೋ ಒಂದಿದೆ. "ಹೊರಿಸಿಕೊಂಡು ಹೋದರೆ ಸಾಕು" ಎನ್ನುತ್ತಾರೆ ಅವರು. ಪತಿಯವರು ಕೊಂಡರೆ ಹೊಸದನ್ನೇ ಕೊಳ್ಳಬೇಕೆನ್ನುತ್ತಾರೆ. ಅಂಗಡಿಯವನು ಜಪಾನಿನಲ್ಲಿ ಮೂವತ್ತೈದು ವರ್ಷ ಬಳಕೆಯಾದ ಒಂದನ್ನು ತೋರಿಸುತ್ತಾನೆ. ಇಷ್ಟನ್ನೂ ಬರೆದು, ಪತ್ರದ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಮಾತು ಸೇರಿಸಿದ್ದಾರೆ: ಅಷ್ಟು ಹಣ ಸುರಿದ ಮೇಲೆ ಕೈ ಓಡದಿದ್ದರೆ, ಆ ಪೆಟ್ಟಿಗೆ ಎಲ್ಲರ ಕಣ್ಣೆದುರು ತಮ್ಮ ಸೋಲಾಗಿ ನಿಂತುಬಿಡುತ್ತದೆಯಲ್ಲ ಎಂದು.

ಉತ್ತರವನ್ನು ಆ ಸಣ್ಣ ಅಕ್ಷರದಿಂದಲೇ ಆರಂಭಿಸಬೇಕಾಗಿದೆ. ಬಹುಕಾಲ ಬಿಟ್ಟು ಮರಳಿ ನುಡಿಸಲು ಕುಳಿತವರ ಕಿವಿ ಪ್ರೌಢ, ಕೈ ಎಳಸು. ಕಿವಿಯು ಈ ಇಪ್ಪತ್ತಾರು ವರ್ಷವೂ ಒಳ್ಳೆಯ ಸಂಗೀತ ಕೇಳಿ ಬಲಿತಿದೆ. ಕೈಯಾದರೋ ನಿಂತಲ್ಲಿಯೂ ನಿಲ್ಲದೆ ಹಿಂದೆ ಸರಿದಿದೆ. ಅಭ್ಯಾಸದಿಂದ ಈ ಅಂತರ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಕಿರಿದಾಗುತ್ತದೆ. ಆದರೆ ವಾದ್ಯವೇ ಶ್ರುತಿ ತಪ್ಪಿದ್ದರೆ, ಒಂದು ಮನೆ ಗಟ್ಟಿಯಾಗಿಯೂ ಪಕ್ಕದ ಮನೆ ಮೆಲ್ಲಗೂ ನುಡಿದರೆ, ಆ ದೋಷ ವಾದ್ಯದ್ದೆಂದು ಇಂಥವರಿಗೆ ಹೊಳೆಯುವುದಿಲ್ಲ. ತಮ್ಮ ಕೈಯದೇ ಎಂದು ನೊಂದು ಮುಚ್ಚಳ ಹಾಕಿಬಿಡುತ್ತಾರೆ. ಹೊಸದಾಗಿ ಕಲಿಯುವ ಮಗುವಿಗಿಂತ ಮರಳಿ ಬಂದವರಿಗೇ ಒಳ್ಳೆಯ ವಾದ್ಯ ಹೆಚ್ಚು ಅವಶ್ಯ. "ಸದ್ಯಕ್ಕೆ ಇದು ಸಾಕು" ಎಂಬ ಮಾತು ಇಲ್ಲಿ ಬಹಳ ದುಬಾರಿ.

ಈಗ ಅಜ್ಜನ ಕಾಲದ ಪಿಯಾನೋ. ಗೋಡೆಗೆ ಒತ್ತಿ ನಿಲ್ಲಿಸುವ ಈ ಅಪ್‌ರೈಟ್ ಪಿಯಾನೋವಿನೊಳಗೆ ಇನ್ನೂರಕ್ಕೂ ಮಿಕ್ಕಿ ತಂತಿಗಳಿವೆ. ಅವೆಲ್ಲವೂ ಕೂಡಿ ಎಳೆಯುವ ಎಳೆತ ಸುಮಾರು 18ರಿಂದ 20 ಟನ್. ಈ ಭಾರವನ್ನು ಹೊರುವುದು ಎರಕದ ಕಬ್ಬಿಣದ ಚೌಕಟ್ಟು; ಆದರೆ ಪ್ರತಿ ತಂತಿಯ ಶ್ರುತಿಯನ್ನು ಹಿಡಿದು ನಿಲ್ಲಿಸುವುದು ಉಕ್ಕಿನ ಬಿರಡೆ. ಆ ಬಿರಡೆಗೆ ಮೊಳೆಯಿಲ್ಲ. ಗಟ್ಟಿಮರದ ಹಲಗೆಯೊಂದು ಅದನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಅಷ್ಟೆ. ವೀಣೆಯ ಬಿರಡೆ ಜಾರಿದರೆ ಸೀಮೆಸುಣ್ಣ ತಿಕ್ಕಿ ಕೂರಿಸುತ್ತೇವೆ. ಇಲ್ಲಿ ಹಲಗೆ ಒಣಗಿ ಬಿರುಕುಬಿಟ್ಟಿತೆಂದರೆ ಸೀಮೆಸುಣ್ಣದಿಂದ ಆಗುವ ಕೆಲಸವಲ್ಲ. ದಪ್ಪನೆಯ ಬಿರಡೆ ಹಾಕಬೇಕು, ಇಲ್ಲವೆ ಹಲಗೆಯನ್ನೇ ಬದಲಿಸಬೇಕು. ಈ ಎರಡನೆಯ ಕೆಲಸದ ಖರ್ಚು ಪಿಯಾನೋವಿನ ಬೆಲೆಯನ್ನು ಸುಲಭವಾಗಿ ಮೀರುತ್ತದೆ. ನಮ್ಮಲ್ಲಿ ಇದರ ಜೊತೆಗೆ ಗೆದ್ದಲು, ಉಣ್ಣೆಯ ಫೆಲ್ಟನ್ನು ತಿನ್ನುವ ನುಸಿ, ಒಳಗೆ ಸಂಸಾರ ಹೂಡುವ ಇಲಿ. ಕರಾವಳಿಯಿಂದ ಬಂದದ್ದಾದರೆ ತಂತಿಗೆ ತುಕ್ಕೂ ಸೇರುತ್ತದೆ.

ಹಳೆಯ ಇಂಗ್ಲಿಷ್ ಪಿಯಾನೋಗಳಲ್ಲಿ ಇನ್ನೊಂದು ತೊಡಕುಂಟು. ಹಲವುಗಳಲ್ಲಿ ನಾದವನ್ನು ತಡೆಯುವ ಫೆಲ್ಟಿನ ತುಂಡುಗಳು ಸುತ್ತಿಗೆಗಳ ಮೇಲ್ಗಡೆ ಇರುತ್ತವೆ. ಅವನ್ನು ಎತ್ತುವ ತಂತಿಗಳ ಸಾಲು ಮುಂದುಗಡೆ ಹಕ್ಕಿಯ ಪಂಜರದಂತೆ ಕಾಣುತ್ತದೆ. ಬೆರಳು ತೆಗೆದ ಮೇಲೂ ನಾದ ಉಳಿದು ಒಂದರೊಳಗೊಂದು ಕಲಸಿಹೋಗುತ್ತದೆ. ಮೇಲಿನ ಮುಚ್ಚಳ ತೆರೆದಾಗ ಈ ಪಂಜರ ಕಂಡರೆ, ನಮಸ್ಕಾರ ಹೇಳಿ ಹಿಂದಿರುಗುವುದೇ ಮೇಲು. ಬಿಳಿಯ ಮನೆಗಳಿಗೆ ಆನೆಯ ದಂತ ಹೊದಿಸಿದ್ದರಂತೂ ಎಚ್ಚರ. ದಂತದ ವ್ಯಾಪಾರ ನಮ್ಮ ದೇಶದಲ್ಲಿ ನಿಷಿದ್ಧ. ಪುಕ್ಕಟೆ ಸಿಕ್ಕ ಪಿಯಾನೋವನ್ನು ಸಾಗಿಸುವುದೂ ಪುಕ್ಕಟೆಯಲ್ಲ. ಅದರ ತೂಕ ಎರಡು ಕ್ವಿಂಟಲಿಗೂ ಮಿಕ್ಕಿರುತ್ತದೆ.

ಪತಿಯವರ ಮಾತಿನಲ್ಲಿ ಸತ್ಯವಿದೆ, ಅರ್ಧ. ಒಳ್ಳೆಯ ತಯಾರಕರ, 120 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಎತ್ತರದ ಹೊಸ ಪಿಯಾನೋ ಕೊಳ್ಳುವ ಶಕ್ತಿಯಿದ್ದರೆ ಬೇರೆ ಯೋಚನೆಯೇ ಬೇಡ. ಹಣ ಸಾಲದೆಂದು ಗಿಡ್ಡನೆಯ ಹೊಸದನ್ನು ತರುವುದು ಬೇರೆ ವಿಷಯ. ಎತ್ತರ ಕಡಿಮೆಯಾದರೆ ಮಂದ್ರದ ತಂತಿಗಳು ಮೊಟಕಾಗುತ್ತವೆ, ನಾದಫಲಕ ಕಿರಿದಾಗುತ್ತದೆ. ಮಂದ್ರದಲ್ಲಿ ಸ್ವರಕ್ಕೆ ಬದಲು ಗುಂಯ್‌ಗುಡುವಿಕೆ ಕೇಳುತ್ತದೆ. ಬಲಿತ ಕಿವಿಗೆ ಅದು ಆರು ತಿಂಗಳಲ್ಲಿ ಬೇಸರ ತರಿಸೀತು.

ಹೀಗಾಗಿ, ಅದೇ ಹಣಕ್ಕೆ ಸಿಗುವ ಜಪಾನಿನ ಹಳೆಯ ಪಿಯಾನೋ ಕಡೆಗೆ ನನ್ನ ಒಲವು. ಯಾಮಾಹಾದವರು ಅಪ್‌ರೈಟ್ ಪಿಯಾನೋ ಮಾಡತೊಡಗಿದ್ದು 1900ರಲ್ಲಿ. ಕವಾಯ್ ಸಂಸ್ಥೆ ಹುಟ್ಟಿದ್ದು 1927ರಲ್ಲಿ. ಯುದ್ಧಾನಂತರ ಜಪಾನಿನ ಮಧ್ಯಮವರ್ಗದ ಮನೆಮನೆಗೂ ಪಿಯಾನೋ ಬಂತು. ಹುಡುಗಿಯರು ಕಲಿತರು, ಬೆಳೆದರು, ಮನೆ ಬಿಟ್ಟುಹೋದರು. ನಮ್ಮ ಸೋದರಿಯ ಕಥೆಯೇ. ಹೀಗೆ ಉಳಿದ ವಾದ್ಯಗಳು ಹಡಗೇರಿ ಹೊರದೇಶಗಳಿಗೆ ಹೊರಟವು. ಮೂವತ್ತೈದು ವರ್ಷ ಇಂಥ ವಾದ್ಯಕ್ಕೆ ಮುಪ್ಪಲ್ಲ. ಒಳಗಿನ ಕ್ರಮಸಂಖ್ಯೆಯಿಂದ ತಯಾರಾದ ವರ್ಷವನ್ನು ತಿಳಿಯಬಹುದು. "ರಿಪೇರಿ ಮಾಡಿಸಿದ್ದು" ಎಂದು ಅಂಗಡಿಯವನು ಹೇಳಿದರೆ, ಏನನ್ನು ಬದಲಿಸಿದಿರಿ ಎಂದು ಕೇಳಬೇಕು. ಎಷ್ಟೋ ಸಲ ಮೆರುಗೆಣ್ಣೆಯನ್ನು ಮಾತ್ರ ಬದಲಿಸಿರುತ್ತಾರೆ.

ಪರೀಕ್ಷಿಸುವಾಗ ಬಾಯಿಪಾಠವಾದ ಹಳೆಯ ತುಣುಕನ್ನು ವೇಗವಾಗಿ ನುಡಿಸಬಾರದು. ಸಂತೋಷದಲ್ಲಿ ಕಿವಿ ಮೋಸಹೋಗುತ್ತದೆ. 88 ಮನೆಗಳನ್ನೂ ಕೆಳಗಿನಿಂದ ಮೇಲಕ್ಕೆ, ಒಂದೊಂದಾಗಿ, ಆದಷ್ಟೂ ಮೆಲ್ಲಗೆ ಒತ್ತಬೇಕು. ಜೋರಾಗಿ ನುಡಿಸಿದಾಗ ಅಡಗುವ ಏರುಪೇರು ಮೆಲುದನಿಯಲ್ಲಿ ಬಯಲಾಗುತ್ತದೆ. ಇನ್ನೊಂದು ಮೋಸವನ್ನೂ ಹೇಳಬೇಕು. ಸವೆದ ಪಿಯಾನೋವಿನ ಮನೆಗಳು ಹಗುರ. ದುರ್ಬಲವಾದ ಬೆರಳಿಗೆ ಅದೇ ಹಿತವೆನಿಸುತ್ತದೆ. ನಡುಭಾಗದ ಮನೆ ಇಳಿಯಲು ಸುಮಾರು 50 ಗ್ರಾಂ ತೂಕ ಬೇಕು. ಇಂದಿನ ಕೈಗೆ ಅದು ಭಾರವೆನಿಸಿದರೂ ಮೂರು ತಿಂಗಳ ಅನಂತರದ ಕೈಗೆ ಸರಿಹೋಗುತ್ತದೆ. ಮುಂಗಡ ಕೊಡುವ ಮೊದಲು, ಅಂಗಡಿಗೆ ಸಂಬಂಧವಿಲ್ಲದ ಟ್ಯೂನರ್ ಒಬ್ಬರನ್ನು ಕರೆದೊಯ್ದು ಬಿರಡೆಗಳ ಬಿಗಿ ನೋಡಿಸಬೇಕು.

ಈ ವಯಸ್ಸಿನಲ್ಲಿ ವಿಲಾಯತಿ ವಾದ್ಯವೇಕೆ ಎಂದು ನೆಂಟರು ಕೇಳಿದರಂತೆ. ಮೈಸೂರಿನ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದಂತೆಯೇ ಪಿಯಾನೋದಲ್ಲಿಯೂ ನುರಿತವರಾಗಿದ್ದರು. ರಷ್ಯದ ವಾಗ್ಗೇಯಕಾರ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದ್ದಾರೆ. ನೆಂಟರಿಗೆ ಇಷ್ಟು ಹೇಳಿದರೆ ಸಾಕಾದೀತು.

ಪಿಯಾನೋ ಮನೆಗೆ ಬಂದ ದಿನವೇ ಶ್ರುತಿ ಮಾಡಿಸಬಾರದು. ಮನೆಯ ಹವೆಗೆ ಮರ ಹೊಂದಿಕೊಳ್ಳಲು ಎರಡು ಮೂರು ವಾರ ಬಿಡಬೇಕು. ಬಿಸಿಲು ಬೀಳುವ ಕಿಟಕಿಯ ಬಳಿಯೂ ತೇವ ಹೀರುವ ಹೊರಗೋಡೆಗೂ ಅದನ್ನು ಇಡಬಾರದು. ಮಳೆಗಾಲದಲ್ಲಿ ಶ್ರುತಿ ಏರುವುದು, ಬೇಸಿಗೆಯಲ್ಲಿ ಇಳಿಯುವುದು ಸಹಜ. ವರ್ಷಕ್ಕೆರಡು ಬಾರಿ ಸರಿಪಡಿಸಿದರಾಯಿತು. ಜಪಾನಿನ ಬಹುತೇಕ ಅಪ್‌ರೈಟುಗಳಲ್ಲಿ ನಡುವಿನ ಪೆಡಲನ್ನು ತುಳಿದು ಪಕ್ಕಕ್ಕೆ ಸಿಕ್ಕಿಸಿದರೆ ತಂತಿಗಳ ಮುಂದೆ ತೆಳುವಾದ ಫೆಲ್ಟಿನ ಪರದೆ ಇಳಿದು ದನಿ ಬಹಳ ಅಡಗುತ್ತದೆ. ಮೊದಲ ಕೆಲವು ವಾರ ಹಾಗೆಯೇ ನುಡಿಸಬಹುದು. ಮನೆಯವರು ಕೇಳಲಿ ಎಂದು ಸೋದರಿಗೆ ಅನ್ನಿಸಿದ ದಿನ ಅದನ್ನು ಬಿಡಿಸಿಕೊಂಡರೆ ಆಯಿತು.