ಮಕ್ಕಳ ಊಟದಲ್ಲಿ ಸೊಪ್ಪು ತರಕಾರಿ

ಮಕ್ಕಳು ತರಕಾರಿಯನ್ನು ಮುಟ್ಟುವುದಿಲ್ಲವೆಂಬ ದೂರು ಪಟ್ಟಣಗಳಲ್ಲಿ ಮಾತ್ರವಲ್ಲದೆ, ಕೋಲಾರ, ಚಿಕ್ಕಬಳ್ಳಾಪುರದ ಸೀಮೆಗಳಂತೆ ತರಕಾರಿಯನ್ನು ಬೆಳೆದು ಪಟ್ಟಣಕ್ಕೆ ಕಳುಹಿಸುವ ಗ್ರಾಮಗಳಲ್ಲಿಯೂ ಕೇಳಿಬರುತ್ತದೆ. ಮಕ್ಕಳ ನಾಲಗೆಯನ್ನು ದೂಷಿಸುವುದು ವಾಡಿಕೆ. ವಿಚಾರಿಸಿ ನೋಡಿದರೆ ತಪ್ಪು ಬಹುಮಟ್ಟಿಗೆ ಹಿರಿಯರದೇ. ಎಳೆಯ ಬೆಂಡೆ, ಹುಳುವಿಲ್ಲದ ಬದನೆ, ಆಗತಾನೆ ಕಿತ್ತ ಹುರುಳಿಕಾಯಿಗಳು ಮಂಡಿಗೆ ಹೋಗುತ್ತವೆ; ಬಲಿತು ನಾರಾದ ಬೆಂಡೆ, ಕೊರಕಲು ಬದನೆಗಳು ಮನೆಯ ಅಡಿಗೆಗೆ ಉಳಿಯುತ್ತವೆ. ಕೊಳ್ಳುವವನು ಬೇಡವೆಂದು ಬಿಟ್ಟುದನ್ನು ಮಗುವೂ ಬೇಡವೆಂದರೆ ಅದನ್ನು ಹಟವೆನ್ನುವುದು ನ್ಯಾಯವೇ? ಸಾರಿನ ಹೋಳುಗಳನ್ನು ಎಲೆಯ ಅಂಚಿಗೆ ಸರಿಸುವ ಯಜಮಾನರೇ ಪಕ್ಕದಲ್ಲಿ ಕುಳಿತ ಮಗನನ್ನು ಗದರಿಸುವುದೂ ಉಂಟು.

ಇದು ಬರಿಯ ರುಚಿಯ ಮಾತಲ್ಲ. ಎ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಬರುವುದು. ಕೊರತೆ ಬಲವಾದರೆ ದೃಷ್ಟಿಯೇ ನಷ್ಟವಾಗಬಹುದು. ಇದನ್ನು ತಡೆಯಲೆಂದೇ ಭಾರತ ಸರ್ಕಾರವು 1970ರಲ್ಲಿ ಮಕ್ಕಳಿಗೆ ಈ ಜೀವಸತ್ವವನ್ನು ಕುಡಿಸುವ ಕಾರ್ಯವನ್ನು ಆರಂಭಿಸಿತು. ಆ ಔಷಧವನ್ನು ತಪ್ಪದೆ ಹಾಕಿಸತಕ್ಕದ್ದು. ಆದರೆ ದೇಹವು ಇದೇ ಸತ್ವವನ್ನು ತಯಾರಿಸಿಕೊಳ್ಳಲು ಬೇಕಾದ ವಸ್ತುವು ನುಗ್ಗೆ, ದಂಟು, ಹರಿವೆ, ಮೆಂತ್ಯದ ಸೊಪ್ಪುಗಳಲ್ಲಿ ಹೇರಳವಾಗಿರುವಾಗ, ಅದನ್ನು ದಿನದ ಊಟದಿಂದ ಬಿಡುವುದೇಕೆ? ಸೊಪ್ಪನ್ನು ಹೆಚ್ಚುವ ಮೊದಲೇ ತೊಳೆಯಬೇಕು. ಬೇಯಿಸಿದ ನೀರನ್ನು ಚೆಲ್ಲಬಾರದು. ಬಸ್ಸಾರು ಮಾಡುವ ಮನೆಗಳಲ್ಲಿ ಈ ವಿವೇಕವು ಹಿಂದಿನಿಂದಲೂ ಇದೆ. ಒಗ್ಗರಣೆಯ ಎಣ್ಣೆಯನ್ನು ತೀರ ಕಡಮೆ ಮಾಡಬಾರದು. ಸ್ವಲ್ಪ ಜಿಡ್ಡಿಲ್ಲದೆ ಆ ಸತ್ವವು ಮೈಗೆ ಹತ್ತುವುದಿಲ್ಲ.

ಮಕ್ಕಳನ್ನು ಒಲಿಸಿಕೊಳ್ಳಲು ಬೆದರಿಕೆಗಿಂತ ಹಿತ್ತಲೇ ಮೇಲು. ಅರ್ಧ ಗುಂಟೆ ಜಾಗ ಸಾಕು. ಬಚ್ಚಲ ನೀರು ಹರಿಯುವೆಡೆ ಒಂದು ನುಗ್ಗೆ, ಬೇಲಿಗೆ ಬಸಳೆ, ಚಪ್ಪರಕ್ಕೆ ಅವರೆ ಅಥವಾ ಹೀರೆ. ಉಳಿದುದರಲ್ಲಿ ಮಕ್ಕಳ ಹೆಸರಿಗೆ ಒಂದೊಂದು ಮಡಿ. ಮೊದಲು ಹರಿವೆ ಅಥವಾ ಮೆಂತ್ಯವನ್ನೇ ಬಿತ್ತಿಸುವುದು ಒಳ್ಳೆಯದು, ಏಕೆಂದರೆ ಇವು 25-30 ದಿನಗಳಲ್ಲಿ ಕೊಯ್ಲಿಗೆ ಬರುತ್ತವೆ. ಅದಕ್ಕಿಂತ ಹೆಚ್ಚು ಕಾಲ ಕಾಯುವ ತಾಳ್ಮೆ ಎಳೆಯರಲ್ಲಿ ಇರುವುದಿಲ್ಲ. ತಾನು ಬಿತ್ತಿ, ನೀರೆರೆದು, ಕಿತ್ತು ತಾಯಿಯ ಕೈಗೆ ಕೊಟ್ಟ ಸೊಪ್ಪನ್ನು ಮಗುವು ಸುಲಭವಾಗಿ ನಿರಾಕರಿಸದು. ಹೊಸ ತರಕಾರಿಯಾದರೆ ಒಂದೆರಡು ಸಲ ಬೇಡವೆಂದಾಗ ಬಿಟ್ಟುಬಿಡದೆ, ಬಲವಂತವನ್ನೂ ಮಾಡದೆ, ಎಂಟು ಹತ್ತು ಸಲವಾದರೂ ತುತ್ತಿನಷ್ಟು ಬಡಿಸುತ್ತಿರಬೇಕು. ಈ ಮಡಿಗಳಿಗೆ ಹೊಲದ ಕೀಟನಾಶಕವನ್ನು ತರಲೇಬಾರದು; ಬೇವಿನ ಬೀಜದ ಕಷಾಯವು ಸಾಕು.

ಶಾಲೆಯ ವಿಷಯದಲ್ಲಿ ಗ್ರಾಮದ ಮುಖಂಡರ ಹೊಣೆ ಇನ್ನೂ ದೊಡ್ಡದು. ಮಧ್ಯಾಹ್ನದ ಊಟದ ಕೇಂದ್ರ ನಿಯಮದಂತೆ ದಿನವೊಂದಕ್ಕೆ ಕಿರಿಯ ತರಗತಿಗಳ ಮಗುವಿಗೆ 50 ಗ್ರಾಂ, ಹಿರಿಯ ತರಗತಿಗಳ ಮಗುವಿಗೆ 75 ಗ್ರಾಂ ತರಕಾರಿ ಸಲ್ಲಬೇಕು. ನೂರು ಚಿಕ್ಕ ಮಕ್ಕಳಿದ್ದಲ್ಲಿ ಇದು ದಿನಕ್ಕೆ 5 ಕಿಲೋಗ್ರಾಂ. ತೋಟವುಳ್ಳ ಗೃಹಸ್ಥರಿಗೆ ಇದೊಂದು ಭಾರವಲ್ಲ. ಶಾಲೆಯ ಕೈತೋಟಗಳು ಬಹುವಾಗಿ ಒಣಗುವುದು ಬೇಸಗೆಯ ರಜೆಯಲ್ಲಿ, ನೀರು ಹಾಕುವವರಿಲ್ಲದೆ. ಸಮೀಪದಲ್ಲಿ ಕೊಳವೆಬಾವಿಯುಳ್ಳ ಜಮೀನುದಾರರು ವಾರಕ್ಕೆ ಎರಡು ಸಲ ಅರ್ಧ ಗಂಟೆಯ ನೀರನ್ನು ಅತ್ತ ತಿರುಗಿಸಲು ಒಪ್ಪಿದರೆ, ರಜೆ ಮುಗಿದು ಶಾಲೆ ತೆರೆಯುವ ದಿನವೇ ಅಡಿಗೆಯವರು ಅಲ್ಲಿನ ನುಗ್ಗೆಸೊಪ್ಪನ್ನು ಕೊಯ್ಯಬಹುದು.